ಸೂರ್ಯನ ರೇಡಿಯೊ ಗದ್ದಲದಿಂದ ಡಿಶ್ ಆಂಟೆನಾ ಅಳೆಯುವ ಬಗೆ

ಆಂಟೆನಾದ ಗೇನ್ (ಒಂದು ದಿಕ್ಕಿನ ಸಿಗ್ನಲ್ ಅನ್ನು ಎಷ್ಟು ಪಟ್ಟು ಹಿಡಿಯುತ್ತದೆ ಎಂಬುದು) ಅನ್ನು ಇಡೀ ವ್ಯವಸ್ಥೆಯ ನಾಯ್ಸ್ ತಾಪಮಾನದಿಂದ (ಗದ್ದಲವನ್ನು ತಾಪಮಾನವಾಗಿ ಹೇಳುವ ಅಳತೆ) ಭಾಗಿಸಿದರೆ ಸಿಗುವುದು ಜಿ/ಟಿ. ಡಿಶ್‌ನ ನಿಜವಾದ ಯೋಗ್ಯತೆ ತಿಳಿಯುವುದು ಈ ಅಂಕಿಯಿಂದಲೇ. ಅಳೆಯಲು ಸಿಗ್ನಲ್ ಜನರೇಟರ್ ಬೇಡ, ಸೂರ್ಯ ಸಾಕು. ಸಿಡಿದ ನಕ್ಷತ್ರದ ಅವಶೇಷವಾದ ಕ್ಯಾಸಿಯೋಪಿಯಾ-ಎ ಸ್ಥಿರವಾದ ರೇಡಿಯೊ ಮೂಲವೇನೋ ಹೌದು, ಆದರೆ ಚಿಕ್ಕ ಡಿಶ್‌ಗೆ ತೀರಾ ಮಂದ.

3 ಮೀಟರ್ ಡಿಶ್, 1415 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳಿ. 1420.4ಕ್ಕೆ ಟ್ಯೂನ್ ಮಾಡಬೇಡಿ, ಅಲ್ಲಿ ಹೈಡ್ರೋಜನ್ ರೇಖೆ (ಆಕಾಶಗಂಗೆಯ ಹೈಡ್ರೋಜನ್ ಅನಿಲ ಹೊಮ್ಮಿಸುವ ರೇಡಿಯೊ ಅಲೆ) ಸೇರಿಕೊಳ್ಳುತ್ತದೆ. ರಿಸೀವರ್‌ನ ಎಜಿಸಿ (ಗೇನ್ ಅನ್ನು ತಾನೇ ಹೊಂದಿಸುವ ವ್ಯವಸ್ಥೆ) ಆಫ್ ಮಾಡಿ, ಗೇನ್ ಕೈಯಿಂದಲೇ ಇಡಿ. ಇದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ. 1 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ 1 ಸೆಕೆಂಡ್ ಸರಾಸರಿ ತೆಗೆದರೆ ಓದಿನ ತೂಗಾಟ ಶೇ 0.1ಕ್ಕೆ ಇಳಿಯುತ್ತದೆ.

ಸೂರ್ಯ 30 ಡಿಗ್ರಿಗಿಂತ ಮೇಲೆ ಬಂದ ಮೇಲೆ, ಫೀಡ್‌ನ (ಡಿಶ್‌ನ ಮುಂದೆ ನಿಂತು ಸಿಗ್ನಲ್ ಹಿಡಿಯುವ ಭಾಗ) ನೆರಳು ಡಿಶ್‌ನ ನಡುವೆ ಬೀಳುವಂತೆ ತಿರುಗಿಸಿ. ಬಳಿಕ ಮೀಟರ್ ನೋಡುತ್ತ ಅತಿ ಹೆಚ್ಚಿನ ಓದು ಹುಡುಕಿ. ನೆರಳು ಹೇಳುವ ಜಾಗ, ಮೀಟರ್ ಹೇಳುವ ಜಾಗ ಬೇರೆಯಾದರೆ ಫೀಡ್ ಜೋತುಬಿದ್ದಿರಬಹುದು. ಹೊಳೆಯುವ ಲೋಹದ ಡಿಶ್ ಆದರೆ ಬೇಗ ಮುಗಿಸಿ; ಬಿಸಿಲು ಒಂದೆಡೆ ಸೇರಿ ಫೀಡ್‌ನ ಮುಚ್ಚಳ ಕರಗೀತು.

ಈಗ ಎತ್ತರದ ಕೋನ ಬದಲಿಸದೆ ಡಿಶ್ ಅನ್ನು ಪಕ್ಕಕ್ಕೆ 20 ಡಿಗ್ರಿಯಾದರೂ ಸರಿಸಿ, ಖಾಲಿ ಆಕಾಶದ ಓದು ತೆಗೆದುಕೊಳ್ಳಿ. ಕೋನ ಬದಲಾದರೆ ಡಿಶ್ ಅಂಚಿನಾಚೆಯಿಂದ ನುಸುಳುವ ನೆಲದ ಗದ್ದಲವೂ ಬದಲಾಗುತ್ತದೆ. ಆಕಾಶಗಂಗೆಯ ಪಟ್ಟಿಯೂ ಆ ದಿಕ್ಕಿನಲ್ಲಿ ಇರಬಾರದು.

ಸೂರ್ಯನ ಓದನ್ನು ಖಾಲಿ ಆಕಾಶದ ಓದಿನಿಂದ ಭಾಗಿಸಿದ ಅನುಪಾತವೇ ವೈ. ಅದು 12 ಡೆಸಿಬೆಲ್ ಬಂದರೆ 15.85 ಪಟ್ಟು. ಅದರಿಂದ 1 ಕಳೆದು 3.47 ಎಂಬ ಸ್ಥಿರಾಂಕದಿಂದ ಗುಣಿಸಿ. ಬಂದದ್ದನ್ನು ತರಂಗದೂರದ ವರ್ಗ (0.212 × 0.212 ಮೀಟರ್) ಮತ್ತು ಸೌರ ಫ್ಲಕ್ಸ್‌ನ (ಸೂರ್ಯನ ರೇಡಿಯೊ ಗದ್ದಲದ ತೀವ್ರತೆ) ಗುಣಲಬ್ಧದಿಂದ ಭಾಗಿಸಿ. ಫ್ಲಕ್ಸ್ 80 ಸೌರ ಫ್ಲಕ್ಸ್ ಘಟಕವಿದ್ದರೆ ಉತ್ತರ, ಅಂದರೆ ಜಿ/ಟಿ, 14.3, ಅಂದರೆ 11.6 ಡೆಸಿಬೆಲ್. ಈ ಡಿಶ್‌ನ ಬೀಮ್ (ಅದು ಒಮ್ಮೆಗೆ ನೋಡುವ ಆಕಾಶದ ಅಗಲ) ಸುಮಾರು 5 ಡಿಗ್ರಿ, ಹಾಗಾಗಿ ಅರ್ಧ ಡಿಗ್ರಿಯ ಸೂರ್ಯ ಬರೀ ಚುಕ್ಕೆ. ಬೀಮ್ 1 ಡಿಗ್ರಿಯಾದರೆ ಉತ್ತರವನ್ನು ಶೇ 10ರಷ್ಟು ಏರಿಸಬೇಕು.

ಫ್ಲಕ್ಸ್ ಆ ದಿನದ್ದೇ ಆಗಬೇಕು. ಕೆನಡಾದ ಪೆಂಟಿಕ್ಟನ್‌ನ 10.7 ಸೆಂಟಿಮೀಟರ್ ಅಂಕಿ ಹೆಸರಾಂತದ್ದು, ಆದರೆ ಅದು 2800 ಮೆಗಾಹರ್ಟ್ಸ್‌ನದು. ಅಲ್ಲಿನ ನಡುಹಗಲಿನ ಮಾಪನ ನಮಗೆ ರಾತ್ರಿ 1.30. ಆಸ್ಟ್ರೇಲಿಯಾದ ಲಿಯರ್ಮಂತ್ ಕೇಂದ್ರ 1415ರಲ್ಲೇ ಅಳೆಯುತ್ತದೆ, ಅದೂ ನಮ್ಮ ಹಗಲಿನಲ್ಲಿ. ಸೌರ ಜ್ವಾಲೆ ಎದ್ದ ದಿನ ಅಳೆಯಲೇಬೇಡಿ.

ಕೊನೆಗೊಂದು ಪರೀಕ್ಷೆ, ಇದನ್ನು ಬಿಡಬಾರದು. ಎಲ್‌ಎನ್‌ಎ (ಫೀಡ್‌ನ ಬಳಿಯ ಕಡಿಮೆ ಗದ್ದಲದ ಆಂಪ್ಲಿಫೈಯರ್) ನಂತರ, ರಿಸೀವರ್‌ಗೆ ಮುಂಚೆ 3 ಡೆಸಿಬೆಲ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ ಮತ್ತೆ ಅಳೆಯಿರಿ. ವೈ ಹಾಗೇ ಉಳಿಯಬೇಕು. ಏರಿದರೆ ಸೂರ್ಯನ ಬಲವಾದ ಸಿಗ್ನಲ್ ತಾಳಲಾಗದೆ ರಿಸೀವರ್ ಉಸಿರುಗಟ್ಟುತ್ತಿತ್ತು ಎಂದರ್ಥ. ಇಳಿದರೆ ಎಲ್‌ಎನ್‌ಎ ಗೇನ್ ಸಾಲದು.