ಹಳೇ ಊರು ಒಂದು, ಸಮುದ್ರ ಒಂದು: ಫಾರಿನ್ ಟ್ರಿಪ್‌ಗೆ ಜಾಗ ಹ್ಯಾಂಗ ಆರಿಸ್ಬೇಕು

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮಂದಿಗೆ ಕೋಟೆ ಹೊಸದಲ್ಲ, ಸಮುದ್ರ ಮಾತ್ರ ಭಾಳ ದೂರ. ಹಂಗಾಗಿ ಫಾರಿನ್ ಅಂದ ಕೂಡ್ಲೇ ಮನ್ಯಾಗ ಎರಡು ಪಾರ್ಟಿ ಆಗ್ತದ, ಹಿರಿಯರು ಹಳೇ ಗುಡಿ, ಬಜಾರ್ ನೋಡ್ಬೇಕಂತಾರ, ಹುಡುಗೂರು ಬೀಚ್ ಬೀಚ್ ಅಂತ ಹಟ ಹಿಡೀತಾರ, ಏಜೆಂಟ್ ಆರು ದಿನದಾಗ ನಾಲ್ಕೈದು ಊರು ತುರುಕಿ ಪ್ಯಾಕೇಜ್ ಮಾಡಿ ಕೊಡ್ತಾನ, ಎಲ್ಲಾರೂ ಬಸ್ಸಿನ್ಯಾಗ ನಿದ್ದಿ ಮಾಡಿ ವಾಪಸ್ ಬರ್ತಾರ. ಇಷ್ಟು ರೊಕ್ಕ ಹಾಕಿ ಹಂಗ ಹೋಗಬ್ಯಾಡ್ರಿ. ಒಂದ್ ಹಳೇ ಊರು, ಅಲ್ಲಿಂದ ಎರಡು-ಮೂರು ತಾಸಿನೊಳಗ ಮುಟ್ಟೋವಂಥ ಒಂದ್ ಸಮುದ್ರದ ಊರು, ಈ ಜೋಡಿ ಹುಡುಕ್ರಿ, ಎರಡೂ ಕಡೆ ಮೂರ್ಮೂರು ರಾತ್ರಿ ಇರ್ರಿ.

ದೇಶ ಯಾವುದು ಅನ್ನೋದಕ್ಕಿಂತ ಮೊದ್ಲ ನಿಮ್ಗ ಯಾವ ತಿಂಗಳು ಸೂಟಿ ಸಿಗ್ತದ ಅದನ್ನ ನೋಡ್ರಿ, ಯಾಕಂದ್ರ ಕೋಟೆ ಹನ್ನೆರಡು ತಿಂಗಳೂ ಅಲ್ಲೇ ಇರ್ತದ, ಸಮುದ್ರ ಹಂಗಲ್ಲ, ಒಂದ್ ತಿಂಗಳು ಕೆರಿ ನೀರಿನಂಗ ಇದ್ದದ್ದು ಮುಂದಿನ ತಿಂಗಳು ಕಾಲಿಡಾಕ ಬಿಡಂಗಿಲ್ಲ.

ಮಕ್ಕಳ ಸಾಲಿ ಇದ್ರ ಏಪ್ರಿಲ್-ಮೇ ಸೂಟಿ ಬಿಟ್ರ ಗತಿ ಇಲ್ಲ. ಆಗ ಶ್ರೀಲಂಕಾಕ್ಕ ಹೊಂಟ್ರ ಒಂದ್ ಮಾತು ತಲ್ಯಾಗ ಇಟ್ಕೊಳ್ರಿ, ಮೇ ತಿಂಗಳಿಂದ ಸೆಪ್ಟೆಂಬರ್ ತನಕ ನೈಋತ್ಯ ಮುಂಗಾರು ದಕ್ಷಿಣದ ಗಾಲೆ, ಮಿರಿಸ್ಸಾ ಕಡೆ ದಂಡಿಗೆ ಬಡೀತದ, ಅಲ್ಲಿ ತೆರಿ ಜೋರಿರ್ತಾವ. ಅದೇ ಹೊತ್ತಿನ್ಯಾಗ ಪೂರ್ವದ ತ್ರಿಂಕೋಮಲಿ ಕಡೆ ಸಮುದ್ರ ಶಾಂತ ಇರ್ತದ. ಹಂಗಾಗಿ ಬ್ಯಾಸಗಿಗೆ ಪೊಲೊನ್ನರುವ ಮತ್ತ ತ್ರಿಂಕೋಮಲಿ ಜೋಡಿ ಮಾಡ್ರಿ. ಪೊಲೊನ್ನರುವ 11ನೇ ಶತಮಾನದಾಗ ಚೋಳರ ಕೈಯಾಗಿತ್ತು, ಅವರ ಕಾಲದ ಶಿವನ ಗುಡಿ ಇನ್ನೂ ನಿಂತದ, ಅಲ್ಲೇ ಗಲ್ ವಿಹಾರದಾಗ ಒಂದೇ ಬಂಡೆಯೊಳಗ ಕೆತ್ತಿದ ಬುದ್ಧನ ನಾಲ್ಕು ಮೂರ್ತಿ ಅವ, ಮಲಗಿದ ಬುದ್ಧ ಸುಮಾರು 14 ಮೀಟರ್ ಉದ್ದ. ಬೌದ್ಧರ ಪವಿತ್ರ ಜಾಗಕ್ಕ ಹೋಗುವಾಗ ಚಪ್ಪಲಿ ಬಿಡ್ಬೇಕು, ಮಧ್ಯಾಹ್ನ ಕಲ್ಲು ಹೆಂಚಿನಂಗ ಕಾದಿರ್ತದ, ಅದ್ಕ ಎಲ್ಲಾರಿಗೂ ಒಂದ್ ಜೊತಿ ದಪ್ಪನ ಸಾಕ್ಸ್ ಬ್ಯಾಗಿನ್ಯಾಗ ಇರ್ಲಿ, ಬೆಳಿಗ್ಗೆ ಏಳೆಂಟಕ್ಕೇ ಹೋಗ್ರಿ. ಆಮ್ಯಾಲ ತ್ರಿಂಕೋಮಲಿಯಾಗ ನೀಲಾವೆಲಿ, ಉಪ್ಪುವೆಲಿ ಬೀಚ್ ಅವ, ಮತ್ತ ಸಮುದ್ರದ ಪಕ್ಕದ ಬಂಡೆ ಮ್ಯಾಲ ಕೋಣೇಶ್ವರನ ಗುಡಿ ಅದ, ಅವ್ವ-ಅಪ್ಪನ್ನ ಕರ್ಕೊಂಡು ಹೋದ್ರ ಅವ್ರಿಗೂ ಸಮಾಧಾನ.

ತೊಗರಿ ರಾಶಿ ಮುಗಿಸಿ ಜನವರಿ-ಫೆಬ್ರವರಿಯಾಗ ಹೋಗೋರಿಗೆ ಗಾಲೆನೇ ಛೊಲೊ, ಇದು ನನ್ಗ ಎಲ್ಲಕ್ಕಿಂತ ಇಷ್ಟದ ಜಾಗ ಅಂತ ಬಾಯಿ ತುಂಬ ಹೇಳ್ತೀನಿ. ಕೊಲಂಬೊ ಫೋರ್ಟ್ ಸ್ಟೇಷನ್ನಿಂದ ಟ್ರೇನ್ ಹತ್ತಿ ಬಲಗಡಿ ಕಿಟಕಿ ಹಿಡೀರಿ, ಸುಮಾರು ಎರಡೂವರೆ ತಾಸಿನ ಹಾದಿ, ಭಾಳಷ್ಟು ಕಡೆ ಸಮುದ್ರ ಹಳಿ ಪಕ್ಕಕ್ಕೇ ಬರ್ತದ. ಕೋಟೆ ಮೊದ್ಲ ಪೋರ್ಚುಗೀಸರದು, 1640ರಾಗ ಡಚ್ಚರು ಕಸಗೊಂಡು ಗಟ್ಟಿ ಗ್ವಾಡಿ ಕಟ್ಟಿದ್ರು, 1988ರಾಗ ಯುನೆಸ್ಕೋ ಪಟ್ಟಿಗೆ ಸೇರ್ತು. 2004ರ ಡಿಸೆಂಬರ್ ಸುನಾಮಿಯಾಗ ಹೊರಗಿನ ಊರು ಹಾಳಾದ್ರೂ ಈ ಗ್ವಾಡಿ ಒಳಗಿನ ಮನಿಗಳನ್ನ ಭಾಳಷ್ಟು ಕಾಯ್ತು. ಒಳಗ ಇವತ್ತಿಗೂ ಮಂದಿ ಸಂಸಾರ ಮಾಡ್ತಾರ, ಸಾಲಿ ಅದ, ಮಸೂತಿ ಅದ, ಚರ್ಚ್ ಅದ. ಸಂಜಿಮುಂದ ಗ್ವಾಡಿ ಮ್ಯಾಲ ಅಡ್ಡಾಡ್ಲಿಕ್ಕೆ ಊರಿನ ಮಂದಿನೇ ಬರ್ತಾರ, ಅಲ್ಲಿಂದ ಕೆಳಗ ಗಾಲೆ ಕ್ರಿಕೆಟ್ ಸ್ಟೇಡಿಯಂ ಕಾಣ್ತದ, ಟೆಸ್ಟ್ ಮ್ಯಾಚ್ ಇದ್ರ ಹುಡುಗೂರನ್ನ ಅಲ್ಲಿಂದ ಎಬ್ಸೋದು ಕಷ್ಟ. ಐದಾರು ಕಿಲೋಮೀಟರ್ ಆಚೆ ಉನವಟುನ ಬೀಚ್, ಅರ್ಧಚಂದ್ರದ ಆಕಾರ, ಸೀಸನ್‌ನ್ಯಾಗ ನೀರು ಬ್ಯಾರೆ ಕಡೆಗಿಂತ ಮೆತ್ತಗ.

ವಿಯೆಟ್ನಾಂನ ಹೊಯ್ ಆನ್ ಫೆಬ್ರವರಿಯಿಂದ ಏಪ್ರಿಲ್‌ಗೆ ಚಂದ. ಹಳೇ ಬಂದರು ಊರು, ಜಪಾನಿ ಸೇತುವೆ, ಹಳದಿ ಗ್ವಾಡಿ ಮನಿಗಳು, ನೆಲ ಪೂರ್ತಿ ಸಪಾಟು, ನಾಲ್ಕೈದು ಕಿಲೋಮೀಟರ್‌ನ್ಯಾಗ ಆನ್ ಬಾಂಗ್ ಬೀಚ್, ಸೈಕಲ್ ಮ್ಯಾಲೇ ಹೋಗಿ ಬರಬಹುದು. ಹತ್ರದಾಗ ಮಿ ಸನ್ ಅಂತ ಅಲ್ಲಿಯ ಹಳೇ ಚಂಪಾ ರಾಜ್ಯದ ರಾಜರು ಕಟ್ಟಿಸಿದ ಶಿವನ ಗುಡಿಗಳ ಗುಂಪು ಅದ, ಅಷ್ಟು ದೂರದ ದೇಶದಾಗ ಇಟ್ಟಂಗಿ ಗುಡಿಯೊಳಗ ಲಿಂಗ, ಸಂಸ್ಕೃತ ಶಾಸನ ಕಂಡ್ರ ನಮ್ ಕಡೆ ಮಂದಿ ಸುಮ್ನ ನಿಂತುಬಿಡ್ತಾರ. 1969ರಾಗ ಅಮೆರಿಕದ ಬಾಂಬಿಗೆ ಭಾಳಷ್ಟು ಗುಡಿ ಹಾಳಾದ್ವು, ಉಳಿದದ್ದೂ ಕಡಿಮಿ ಏನಲ್ಲ. ದಸರಾ-ದೀಪಾವಳಿಗೆ ಮಾತ್ರ ಹೊಯ್ ಆನ್ ಬ್ಯಾಡ, ಅಕ್ಟೋಬರ್-ನವೆಂಬರ್‌ದಾಗ ಮಳಿ ಬಂದು ನದಿ ನೀರು ಓಣಿಯೊಳಗ ಬರ್ತದ.

ಥಾಯ್ಲೆಂಡ್ ಅಂದ್ರ ಎಲ್ಲಾರೂ ಪಟ್ಟಾಯ ಅಂತಾರ. ಅದ್ರ ಬದ್ಲಿ ಬ್ಯಾಂಕಾಕಿನಿಂದ 80 ಕಿಲೋಮೀಟರ್ ಇರೋ ಅಯುತ್ಥಯ ನೋಡ್ರಿ, 1350ರಾಗ ಕಟ್ಟಿದ ರಾಜಧಾನಿ, 1767ರಾಗ ಬರ್ಮಾದವ್ರು ಹಾಳು ಮಾಡಿದ್ರು, ಆಮ್ಯಾಲ ಟ್ರೇನಿನ್ಯಾಗ ಹುವಾ ಹಿನ್ ಬೀಚ್ ಕಡೆ ಇಳೀರಿ, ಈ ಹಾದಿ ಮಾತ್ರ ಮೂರು ತಾಸಿಗಿಂತ ಹೆಚ್ಚು. ಮಲೇಷ್ಯಾದ ಮಲಕ್ಕಾ ಹಳೇ ಬಂದರು ಅಂತ ಹೋಗ್ಬಹುದು, ಈಜ್ಲಿಕ್ಕೆ ಹೋಗೋ ಜಾಗ ಅಲ್ಲ. ಬಂದರು ಬ್ಯಾರೆ, ಬೀಚ್ ಬ್ಯಾರೆ, ಮ್ಯಾಪಿನ್ಯಾಗ ನೀಲಿ ಕಂಡ ಕೂಡ್ಲೇ ಹೋಟೆಲ್ ಬುಕ್ ಮಾಡಬ್ಯಾಡ್ರಿ.

ಮಹಮೂದ್ ಗವಾನ್ ಮದರಸಾ ನೋಡಿ ಬೆಳೆದೋರಿಗೆ ಉಜ್ಬೇಕಿಸ್ತಾನದ ಸಮರ್ಕಂದ್, ಬುಖಾರಾ ನೋಡೋ ಆಸಿ ಇದ್ದೇ ಇರ್ತದ, ಅಂಥಾ ಮಾದರಿನೇ 1472ರಾಗ ಬೀದರಿಗೆ ಬಂದದ್ದು, ಖರೇವಂದ್ರ ನಮ್ ಮಂದಿ ಅಲ್ಲಿಗೆ ಹೋಗ್ಲೇಬೇಕು. ಆದ್ರ ಉಜ್ಬೇಕಿಸ್ತಾನ ಆಗ್ಲಿ, ಅದರ ಸುತ್ತಲಿನ ದೇಶಗಳಾಗ್ಲಿ ಮಹಾಸಾಗರದ ದಂಡಿಗಿಲ್ಲ, ಅದನ್ನ ಬೀಚಿನ ಜೊತಿ ಸೇರಿಸ್ಲಿಕ್ಕೆ ಹೋಗಬ್ಯಾಡ್ರಿ, ಅದಕ್ಕ ಬ್ಯಾರೆನೇ ಒಂದ್ ಟ್ರಿಪ್ ಇಡ್ರಿ.

ಯುರೋಪ್ ಬೇಕೇ ಬೇಕು ಅನ್ನೋರು ಕ್ರೊಯೇಷ್ಯಾದ ಡುಬ್ರೊವ್ನಿಕ್ ನೋಡ್ರಿ, ಊರ ಸುತ್ತ ಸುಮಾರು 1,940 ಮೀಟರ್ ಗ್ವಾಡಿ, ಮ್ಯಾಲ ಪೂರ್ತಿ ನಡೀಬಹುದು. ಜುಲೈ-ಆಗಸ್ಟ್‌ದಾಗ ಕ್ರೂಸ್ ಹಡಗಿನ ಮಂದಿ ಕಾಲಿಡಾಕ ಬಿಡಂಗಿಲ್ಲ, ಮೇ ಕೊನಿ ಇಲ್ಲಾ ಸೆಪ್ಟೆಂಬರ್ ಹಿಡೀರಿ. ಅಲ್ಲಿ ದಂಡಿ ಬಹುತೇಕ ಉಸುಕಲ್ಲ, ಸಣ್ಣ ಕಲ್ಲು, ಮಕ್ಕಳಿಗೆ ನೀರಿನ ಶೂ ಬೇಕು. ಹಳೇ ಊರೊಳಗ ಗಾಡಿ ಬರಂಗಿಲ್ಲ, ರೂಮ್ ಮ್ಯಾಲಿನ ಓಣಿಯಾಗ ಇದ್ರ ಸೂಟ್‌ಕೇಸ್ ಹೊತ್ಕೊಂಡು ಮೆಟ್ಟಲು ಹತ್ಬೇಕು. 2023ರಿಂದ ಶೆಂಗೆನ್ ವೀಸಾನೇ (ಯುರೋಪಿನ ಭಾಳಷ್ಟು ದೇಶಕ್ಕ ನಡೆಯೋ ಒಂದೇ ವೀಸಾ) ಬೇಕು, ಜೊತಿಗೆ ಕನಿಷ್ಠ 30,000 ಯೂರೋ ತನಕ ದವಾಖಾನಿ ಖರ್ಚು ಭರಿಸೋ ಟ್ರಾವೆಲ್ ಇನ್ಶೂರೆನ್ಸ್.

ಮನಿ ಹಿರಿಯರ ಕಾಲು ಎಷ್ಟು ನಡೀತಾವ ಅನ್ನೋದನ್ನ ಇಲ್ಲೇ ನೋಡ್ಕೊಳ್ರಿ. ಒಂದ್ ಐತವಾರ ಬೀದರ್ ಕೋಟೆಗೆ ಕರ್ಕೊಂಡು ಹೋಗ್ರಿ, ಬಾಗಿಲಿನಿಂದ ರಂಗೀನ್ ಮಹಲ್, ಸೋಲಾ ಖಂಬ, ಆಮ್ಯಾಲ ತಖ್ತ್ ಮಹಲ್ ತನಕ ನಡ್ಸ್ರಿ. ಆರಾಮ್ ನಡೆದ್ರ ಯಾವ ಊರಾದ್ರೂ ಆಗ್ತದ. ಸೋಲಾ ಖಂಬದ ಹತ್ರ ಕೂತ್ರು ಅಂದ್ರ ಹೊಯ್ ಆನ್‌ನಂಥ ಸಪಾಟು ಊರು ಆರಿಸ್ರಿ, ಶ್ರೀಲಂಕಾದ ಸಿಗಿರಿಯ ಬಂಡೆ ಲಿಸ್ಟಿನಿಂದ ತೆಗೀರಿ, ಅಲ್ಲಿ ಸಾವಿರದ ಮ್ಯಾಲ ಮೆಟ್ಟಲು ಅವ. ಯಾದಗಿರಿಯವ್ರು ತಮ್ಮ ಬೆಟ್ಟದ ಕೋಟೆ ಹತ್ತಿಸಿ ನೋಡಿದ್ರೂ ಸಾಕು.

ಈಗ ಸಮುದ್ರದ ಮಾತು, ಇದನ್ನ ದಯವಿಟ್ಟು ಪೂರ್ತಿ ಓದ್ರಿ. ನಾವು ಕೃಷ್ಣಾ, ಭೀಮಾ, ಕೆರಿ, ಬಾವಿ ಕಂಡೋರು, ನಿಂತ ನೀರು ಅಂದ್ರ ಅಂಜಿಕಿ ಇಲ್ಲ ಅಂತ ತಿಳೀತೀವಿ. ಸಮುದ್ರದಾಗ ಅದು ಉಲ್ಟಾ ಆಗ್ಬಹುದು. ಎರಡೂ ಬಾಜು ಬಿಳಿ ನೊರಿ ಒಡೀತಿದ್ದು ನಡುವ ಒಂದ್ ಪಟ್ಟಿ ಮಾತ್ರ ತೆರಿ ಇಲ್ದ ಕಪ್ಪಗ, ಶಾಂತ ಕಂಡ್ರ ಅಲ್ಲಿ ಇಳೀಬ್ಯಾಡ್ರಿ, ದಂಡಿಗೆ ಬಂದ ನೀರು ವಾಪಸ್ ಒಳಗ ಓಡೋ ಹಾದಿ ಅದೇ ಇರಬಹುದು, ಮನಷಾನ್ನೂ ಎಳ್ಕೊಂಡು ಹೋಗ್ತದ. ಸಿಕ್ಕಿದ್ರ ದಂಡಿ ಕಡೆ ಜಗ್ಗಾಡಿ ಸುಸ್ತಾಗಬಾರ್ದು, ತೇಲ್ಕೋತ ಕೈ ಎತ್ತಿ ಕರೀಬೇಕು, ಈಜ್ಲಿಕ್ಕೆ ಬಂದ್ರ ದಂಡಿಗೆ ಸಮ ಅಡ್ಡಕ್ಕ ಈಜಿ ಆ ಪಟ್ಟಿ ದಾಟ್ಬೇಕು. ಕೆಂಪು ಬಾವುಟ ಇದ್ರ ಕಾಲೂ ತೋಯ್ಸಬ್ಯಾಡ್ರಿ, ಕೆಂಪು-ಹಳದಿ ಬಾವುಟ ಎರಡರ ನಡುವ ಲೈಫ್‌ಗಾರ್ಡ್ ನೋಡ್ತಿರ್ತಾನ, ಮಕ್ಕಳು ಅಲ್ಲೇ ಆಡ್ಲಿ. ಹಂಗಾಗಿ ಹೋಟೆಲ್ ಆರಿಸುವಾಗ ಸ್ವಿಮಿಂಗ್ ಪೂಲಿನ ಫೋಟೋಕ್ಕಿಂತ ಮೊದ್ಲ ಆ ಬೀಚಿನ್ಯಾಗ ಲೈಫ್‌ಗಾರ್ಡ್ ಅದಾನೋ ಇಲ್ಲೋ ಫೋನ್ ಮಾಡಿ ಕೇಳ್ರಿ, ಅದೇ ತಿಂಗಳು ಹೋಗಿ ಬಂದೋರು ಹಾಕಿದ ಫೋಟೋ ನೋಡ್ರಿ.

ಊಟದ ಚಿಂತಿ ಶ್ರೀಲಂಕಾದಾಗ ಕಡಿಮಿ, ಅನ್ನ, ಬ್ಯಾಳಿ, ಕಾಯಿ ಚಟ್ನಿ ಎಲ್ಲಾ ಕಡೆ ಸಿಗ್ತದ, ಚಟ್ನಿಯಾಗ ಒಣ ಮೀನಿನ ಪುಡಿ ಹಾಕಿರ್ತಾರೇನು ಅಂತ ಕೇಳಿ ತಿನ್ರಿ. ವಿಯೆಟ್ನಾಂದಾಗ ಮೀನಿನ ಸಾಸ್ ಎಲ್ಲಾದ್ರಾಗೂ ಬೀಳ್ತದ, ಬೋರ್ಡಿನ ಮ್ಯಾಲ ಚಾಯ್ (Chay, ನಮ್ಮ ಚಹಾ ಅಲ್ಲ) ಅಂತ ಬರೆದ ಹೋಟೆಲ್ ಸಸ್ಯಾಹಾರದ್ದು, ಅಮಾವಾಸ್ಯಿ-ಹುಣ್ಣಿವಿ ಹೊತ್ತಿಗೆ ಅಲ್ಲಿಯ ಬೌದ್ಧರೂ ಅದನ್ನೇ ತಿಂತಾರ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಳ್ರಿ, ಯುರೋಪಿಗೆ ಮಾತ್ರ ತುಪ್ಪ, ಪೇಢಾ ಒಯ್ಯಾಕ ಬಿಡಂಗಿಲ್ಲ.

ಪಾಸ್‌ಪೋರ್ಟಿನ್ಯಾಗ ಆರು ತಿಂಗಳಿಗಿಂತ ಹೆಚ್ಚು ಅವಧಿ ಉಳಿದಿರ್ಬೇಕು. ವೀಸಾ ನಿಯಮ ಆಗಾಗ ಬದಲಾಗ್ತಾವ, ಆಯಾ ದೇಶದ ಸರ್ಕಾರಿ ವೆಬ್‌ಸೈಟ್‌ನ್ಯಾಗೇ ಅರ್ಜಿ ಹಾಕ್ರಿ, ಹುಡುಕಿದಾಗ ಮ್ಯಾಲ ಬರೋ ಜಾಹೀರಾತಿನ ಸೈಟು ಹೆಚ್ಚಿಗಿ ರೊಕ್ಕ ಜಗ್ತಾವ. ನಮ್ ಕಡೆಯಿಂದ ಹೈದರಾಬಾದ್ ಏರ್‌ಪೋರ್ಟೇ ಸಲೀಸು, ನಸುಕಿನ ಫ್ಲೈಟ್ ಇದ್ರ ಹಿಂದಿನ ಸಂಜಿಗೇ ಶಂಶಾಬಾದ್ ಮುಟ್ರಿ. ವಾಪಸ್ ಬರುವಾಗ ರಾತ್ರಿ ಇಳಿದ್ರೂ ಅಷ್ಟೇ, ಅಲ್ಲೇ ರೂಮ್ ಮಾಡಿ ಡ್ರೈವರ್‌ಗೂ ಒಂದ್ ಮಂಚ ಕೊಡ್ಸಿ ಬೆಳಿಗ್ಗೆ ಊರ ಹಾದಿ ಹಿಡೀರಿ.