ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರ ಮೂಗಿನಲ್ಲಿ ರಕ್ತ ಬಂದರೆ ಏನು ಮಾಡಬೇಕು?

ಅಮ್ಮನಿಗೆ ಹೃದಯದ ವಾಲ್ವ್ ಬದಲಾಯಿಸಿ ಎರಡು ವರ್ಷ ಆಗಿತ್ತು. ರಕ್ತ ತೆಳುವಾಗಿಸುವ ಅಸಿಟ್ರೋಮ್ ಮಾತ್ರೆ ತಗೊಳ್ಳುತ್ತಿದ್ದರು. ಒಂದು ಜನವರಿ ಬೆಳಗ್ಗೆ ಮುಖ ತೊಳೆಯಲು ಹೋದವರು ಬಚ್ಚಲಿನಿಂದಲೇ ಕೂಗಿದರು. ಮೂಗಿನಿಂದ ರಕ್ತ ಸೋರುತ್ತಿತ್ತು. ನಾನು ಓಡಿಹೋಗಿ ಅವರ ತಲೆಯನ್ನು ಹಿಂದಕ್ಕೆ ಬಾಗಿಸಿದೆ, ನೆತ್ತಿಗೆ ತಣ್ಣೀರು ತಟ್ಟಿದೆ. ಪಕ್ಕದ ಮನೆಯವರು ‘ಉಷ್ಣ ಜಾಸ್ತಿ ಆಗಿದೆ’ ಎಂದರು. ಅಷ್ಟರಲ್ಲಿ ರಕ್ತ ಗಂಟಲಿಗೆ ಇಳಿದು ಅಮ್ಮ ವಾಂತಿ ಮಾಡಿಕೊಂಡರು. ಅವತ್ತಿನ ಗಾಬರಿ ಇನ್ನೊಂದು ಮನೆಗೆ ಬರಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಈ ಮಾತ್ರೆಗಳು ನಿಜವಾಗಿ ರಕ್ತವನ್ನು ನೀರಿನ ಹಾಗೆ ತೆಳು ಮಾಡುವುದಿಲ್ಲ. ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತವೆ, ಅಷ್ಟೇ. ಅಸಿಟ್ರೋಮ್, ವಾರ್ಫರಿನ್ ಮಾತ್ರೆಗಳು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುತ್ತವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಆದರೆ ಹೆಪ್ಪು ಕಟ್ಟುವ ಸಣ್ಣ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಮೂಗಿಗೇ ಯಾಕೆ ಮೊದಲು ತೊಂದರೆ? ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಹಲವು ಸಣ್ಣ ರಕ್ತನಾಳಗಳು ಸೇರುತ್ತವೆ. ಅವುಗಳ ಮೇಲಿನ ಪೊರೆ ಬಹಳ ತೆಳು. ಚಳಿಗಾಲದ ಒಣಗಾಳಿಗೆ, ಎಸಿ ಗಾಳಿಗೆ ಅದು ಬಿರಿಯುತ್ತದೆ. ಬೇರೆಯವರಿಗೆ ಎರಡು ನಿಮಿಷದಲ್ಲಿ ನಿಲ್ಲುವ ರಕ್ತ ಈ ಮಾತ್ರೆ ತಗೊಳ್ಳುವವರಿಗೆ ಹೊತ್ತು ಹಿಡಿಯುತ್ತದೆ.

ರಕ್ತ ಕಂಡ ಕೂಡಲೇ ಅವರನ್ನು ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ. ಮಲಗಿಸಬೇಡಿ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮುಂದೆ ಒಂದು ಪಾತ್ರೆ ಇಡಿ. ಬಾಯಿಗೆ ಬಂದ ರಕ್ತವನ್ನು ನುಂಗದೆ ಅದರಲ್ಲಿ ಉಗುಳಲಿ.

ಇನ್ನು ಮುಖ್ಯವಾದದ್ದು, ಬಹಳ ಜನ ತಪ್ಪುವುದೂ ಇಲ್ಲೇ. ಮೂಗಿನ ಮೇಲಿನ ಗಟ್ಟಿ ಮೂಳೆಯನ್ನು ಒತ್ತಿದರೆ ಪ್ರಯೋಜನವಿಲ್ಲ. ಅದರ ಕೆಳಗಿನ ಮೆತ್ತನೆಯ ಭಾಗವನ್ನು, ಅಂದರೆ ಎರಡೂ ಹೊಳ್ಳೆಗಳು ಪೂರ್ತಿ ಮುಚ್ಚುವ ಹಾಗೆ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬಿಗಿಯಾಗಿ ಹಿಡಿಯಿರಿ. ಬಾಯಲ್ಲಿ ಉಸಿರಾಡಲಿ. ಗಡಿಯಾರ ನೋಡಿ. 15 ನಿಮಿಷ ಬಿಡಲೇಬಾರದು. ‘ನಿಂತಿತಾ?’ ಎಂದು ನಡುನಡುವೆ ಬಿಟ್ಟು ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ಅಲ್ವಾ? ಹಾಗೆ ಬಿಟ್ಟರೆ ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಕಿತ್ತುಹೋಗುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕೈ ಸೋತರೆ ಮನೆಯ ಇನ್ನೊಬ್ಬರು ಹಿಡಿದುಕೊಳ್ಳಲಿ. ಗರಿಕೆ ರಸ, ಈರುಳ್ಳಿ ರಸ ಏನನ್ನೂ ಮೂಗಿಗೆ ಬಿಡಬೇಡಿ. ಬಟ್ಟೆ, ಹತ್ತಿ ತುರುಕಲೂ ಬೇಡಿ. ಹೊರಗೆ ಎಳೆಯುವಾಗ ಗಾಯ ಮತ್ತೆ ತೆರೆಯುತ್ತದೆ.

15 ನಿಮಿಷವಾದರೂ ನಿಲ್ಲದಿದ್ದರೆ ಮತ್ತೆ ಹಿಡಿಯಿರಿ. ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. ರಕ್ತ ಧಾರೆಯಾಗಿ ಸುರಿಯುತ್ತಿದ್ದರೆ, ಗಂಟಲ ಹಿಂದೆ ಇಳಿಯುತ್ತಿದ್ದರೆ, ತಲೆ ಸುತ್ತಿದರೆ ಅಷ್ಟು ಹೊತ್ತು ಕೂಡ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮಾತ್ರೆಯ ಚೀಟಿ ಜೊತೆಗಿರಲಿ. ಅಲ್ಲಿ ಸೋರುವ ನಾಳವನ್ನು ಸುಡುತ್ತಾರೆ, ಇಲ್ಲವೇ ಮೂಗಿನೊಳಗೆ ಪ್ಯಾಕ್ ಇಡುತ್ತಾರೆ. ಬಿಪಿಯನ್ನೂ ನೋಡುತ್ತಾರೆ.

ರಕ್ತ ನಿಂತ ಮೇಲೆ ಒಂದು ದಿನವಾದರೂ ಸಿಂಬಳ ತೆಗೆಯಲು ಮೂಗನ್ನು ಊದಬೇಡಿ, ಕೆರೆಯಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಭಾರ ಎತ್ತಬೇಡಿ, ಬಿಸಿಬಿಸಿ ಕಾಫಿ ಬೇಡ. ನಶ್ಯದ ಅಭ್ಯಾಸ ಇದ್ದರೆ ಪೂರ್ತಿ ಬಿಡಿ. ಆಮೇಲೆ ದಿನಕ್ಕೆರಡು ಸಲ ಉಪ್ಪುನೀರಿನ ಡ್ರಾಪ್ಸ್ ಹಾಕಿದರೆ ಮೂಗು ಒಣಗುವುದಿಲ್ಲ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ರಕ್ತ ಬಂತು ಎಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಲೋಹದ ವಾಲ್ವ್ ಇದ್ದವರಿಗೆ ಅಲ್ಲಿ ಹೆಪ್ಪುಗಟ್ಟಬಹುದು. ಹೃದಯದ ರಕ್ತನಾಳ ತೆರೆದಿರಲೆಂದು ಹಾಕಿದ ಸ್ಟೆಂಟ್ ಮುಚ್ಚಬಹುದು. ಲಕ್ವ ಹೊಡೆಯಬಹುದು. ನಿಲ್ಲಿಸಬೇಕೇ, ಪ್ರಮಾಣ ಇಳಿಸಬೇಕೇ ಎನ್ನುವುದನ್ನು ಡಾಕ್ಟರೇ ಹೇಳಲಿ, ಅದೇ ದಿನ ಕೇಳಿ.

ಅಸಿಟ್ರೋಮ್ ಅಥವಾ ವಾರ್ಫರಿನ್ ತಗೊಳ್ಳುವವರು ಐಎನ್‌ಆರ್ ಪರೀಕ್ಷೆ ಮಾಡಿಸಿ. ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ತೋರಿಸುವ ರಕ್ತಪರೀಕ್ಷೆ ಅದು; ಸಂಖ್ಯೆ ಹೆಚ್ಚಾದಷ್ಟೂ ನಿಧಾನ. ಮಾತ್ರೆ ತಗೊಳ್ಳದವರಲ್ಲಿ ಅದು ಸುಮಾರು 1 ಇರುತ್ತದೆ. ಈ ಮಾತ್ರೆ ತಗೊಳ್ಳುವ ಹೆಚ್ಚಿನವರಿಗೆ 2ರಿಂದ 3ರ ನಡುವೆ ಇರಬೇಕು. ಕೆಲವು ಲೋಹದ ವಾಲ್ವ್‌ಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಅಮ್ಮನಿಗೆ ಆ ದಿನ ಅದು 5 ದಾಟಿತ್ತು. ಕಾರಣ ಕೆದಕಿದಾಗ ಸಿಕ್ಕಿದ್ದು ಭೇದಿಗೆಂದು ಸುಮ್ನೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮೆಟ್ರೋನಿಡಜೋಲ್. ಆ ಮಾತ್ರೆ ಅಸಿಟ್ರೋಮ್‌ನ ಬಲ ಹೆಚ್ಚಿಸುತ್ತದೆ. ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ಎಂದು ಅದನ್ನು ಬಿಡಬೇಕಿಲ್ಲ. ಆದರೆ ಒಂದು ವಾರ ದಿನಾ ನುಗ್ಗೆಸೊಪ್ಪು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾಗಬಾರದು.

ಮೂಗಿನ ಜೊತೆಗೆ ಒಸಡಲ್ಲೂ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಗುರುತು, ಕಪ್ಪು ಮಲ ಅಥವಾ ಕೆಂಪು ಮೂತ್ರ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ನೇರ ಆಸ್ಪತ್ರೆಗೆ ಹೋಗಿ.

ಅಮ್ಮನ ಪರ್ಸಿನಲ್ಲಿ ಈಗ ಒಂದು ಚೀಟಿ ಇರುತ್ತದೆ. ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಐಎನ್‌ಆರ್, ನನ್ನ ಫೋನ್ ನಂಬರ್. ಹಲ್ಲು ಕೀಳಿಸಲು ಹೋದಾಗ ಅವರು ಮೊದಲು ತೋರಿಸಿದ್ದು ಅದನ್ನೇ.