ಬಿಸಿಯೂಟದ ಗಂಟೆಯಿಂದ ಶುರುವಾಗಲಿ ಪರಿಸರದ ಪಾಠ

ವಿಶ್ವ ಪರಿಸರ ದಿನವೆಂದು ಜೂನ್ 5ರಂದು ಶಾಲೆಯಲ್ಲಿ ನೆಟ್ಟ ಸಸಿ ಜುಲೈ ಹೊತ್ತಿಗೆ ಆಡಿನ ಬಾಯಿಗೆ ಹೋಗಿರುತ್ತದೆ. ತಪ್ಪು ಮಕ್ಕಳದಲ್ಲ, ಶಿಕ್ಷಕರದೂ ಅಲ್ಲ. ವರ್ಷಕ್ಕೊಮ್ಮೆ ಮಾಡುವ ಕೆಲಸ ಯಾರಿಗೂ ರೂಢಿಯಾಗುವುದಿಲ್ಲ. ಪರಿಸರ ಕಾಳಜಿ ರೂಢಿಯಾಗಬೇಕಾದರೆ ಶಾಲೆಯಲ್ಲಿ ದಿನವೂ ತಪ್ಪದೆ ನಡೆಯುವ ಯಾವುದಾದರೂ ಒಂದು ಕೆಲಸಕ್ಕೆ ಅದನ್ನು ಜೋಡಿಸಬೇಕು. ನಮ್ಮ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಅಂಥ ಕೆಲಸವೆಂದರೆ ಬಿಸಿಯೂಟ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಈಗ ಶಾಲೆಯ ದಿನಚರಿಯೇ ಆಗಿದೆ. ನೀರು, ಸೊಪ್ಪು, ಸಿಪ್ಪೆ, ಮಿಕ್ಕ ಅನ್ನ, ತಟ್ಟೆ ತೊಳೆಯುವ ಕಟ್ಟೆ ಎಲ್ಲವೂ ಅದರ ಜತೆಯಲ್ಲೇ ಇವೆ. ಹೊಸದಾಗಿ ಹುಡುಕಬೇಕಾದದ್ದು ಏನೂ ಇಲ್ಲ.

ಮೊದಲ ವಾರ ಅಳತೆ

ಏನನ್ನೂ ಬದಲಿಸುವ ಮೊದಲು ಒಂದು ವಾರ ಅಳೆಯಿರಿ. ಆರು, ಏಳನೆಯ ತರಗತಿಯ ಮಕ್ಕಳು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾರೆ. ಕೈ ಮತ್ತು ತಟ್ಟೆ ತೊಳೆಯಲು ಎಷ್ಟು ಬಕೆಟ್ ನೀರು ಹೋಯಿತು, ತಟ್ಟೆಗಳಲ್ಲಿ ಉಳಿದ ಅನ್ನದ ತೂಕ ಎಷ್ಟು ಎಂಬುದನ್ನು ದಿನವೂ ಬರೆದಿಡಲಿ. ಸೋರುವ ನಲ್ಲಿಯ ಕೆಳಗೆ 200 ಮಿ.ಲೀ. ಲೋಟ ಇಟ್ಟು ಗಡಿಯಾರ ನೋಡಲಿ. ಕಾಲು ಗಂಟೆಯಲ್ಲಿ ಲೋಟ ತುಂಬಿದರೆ ದಿನಕ್ಕೆ 19 ಲೀಟರಿಗೂ ಹೆಚ್ಚು ನೀರು ಪೋಲಾಗುತ್ತಿದೆ ಎಂದರ್ಥ. ಈ ಲೆಕ್ಕ ಹಾಜರಾತಿ ಫಲಕದ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತಿರಲಿ. ‘ನೀರು ಉಳಿಸಿ’ ಎಂದು ಗೋಡೆಯ ಮೇಲೆ ಬರೆಸುವುದಕ್ಕಿಂತ ಮಕ್ಕಳೇ ಕಂಡುಕೊಂಡ ಆ ಅಂಕಿಗೆ ತೂಕ ಹೆಚ್ಚು.

ಕೈ ತೊಳೆದ ನೀರಿಗೆ ದಾರಿ

120 ಮಕ್ಕಳು ತಲಾ ಎರಡು ಲೀಟರ್ ಬಳಸಿದರೂ ದಿನಕ್ಕೆ 240 ಲೀಟರ್, ಅಂದರೆ 15 ಲೀಟರಿನ ಹದಿನಾರು ಕೊಡ. ಇಷ್ಟು ನೀರು ಕಟ್ಟೆಯ ಬುಡದಲ್ಲೇ ಕೆಸರಾಗಿ ನಿಲ್ಲುವುದನ್ನು ನೋಡಿ ಸುಮ್ಮನಿರುವುದಾದರೂ ಹೇಗೆ?

ಕಟ್ಟೆಯಿಂದ ನೀರು ಹೊರಬೀಳುವಲ್ಲಿ ಅನ್ನದ ಅಗುಳು ತಡೆಯುವಂಥ ಸಣ್ಣ ಕಣ್ಣಿನ ಜಾಲರಿ ಇಡಿ. ಅದರಾಚೆ ಎರಡಡಿ ಆಳದ ಗುಂಡಿ ತೋಡಿ, ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು ತುಂಬಿ. ಅಲ್ಲಿಂದ ಇಳಿಜಾರಿನ ಕಾಲುವೆಯಲ್ಲಿ ಬಾಳೆ, ಪಪ್ಪಾಯಿ, ಕೆಸುವಿನ ಬುಡಕ್ಕೆ ಹರಿಸಿ. ಸೋಪಿನ ಪುಡಿ ಬೆರೆತ ನೀರನ್ನು ಸೊಪ್ಪಿನ ಮಡಿಗೆ ಬಿಡಬೇಡಿ. ಅದಕ್ಕೆ ಒಳ್ಳೆಯ ನೀರೇ ಬೇಕು. ಜಾಲರಿಯನ್ನು ಊಟ ಮುಗಿದ ಕೂಡಲೇ ತೊಳೆಯಬೇಕು, ನೀರು ಎಲ್ಲೂ ನಿಲ್ಲಬಾರದು. ಈ ಎರಡು ತಪ್ಪಿದರೆ ವಾರದೊಳಗೆ ವಾಸನೆ, ಸೊಳ್ಳೆ ಎರಡೂ ಬರುತ್ತವೆ. ಆಮೇಲೆ ಊರಿನವರೇ ಕಾಲುವೆ ಮುಚ್ಚಿಸುತ್ತಾರೆ.

ಹರಿವೆ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುವುದರಿಂದ ಮಕ್ಕಳ ಉತ್ಸಾಹ ಆರುವ ಮೊದಲೇ ಫಲ ಸಿಗುತ್ತದೆ. ಬೇಲಿಗೆ ಬಸಳೆ ಹಬ್ಬಿಸಿ. ನುಗ್ಗೆ, ಕರಿಬೇವು ಒಮ್ಮೆ ಬೇರೂರಿದರೆ ಹೆಚ್ಚು ನೀರು ಕೇಳುವುದಿಲ್ಲ. ಆದರೆ ಬೇಲಿ ಮೊದಲು, ಬಿತ್ತನೆ ಆಮೇಲೆ.

ಎಲೆಗೆ ಬೆಂಕಿ ಬೇಡ

ಬೆಳಿಗ್ಗೆ ಅಂಗಳ ಗುಡಿಸಿ ಹೊಂಗೆ, ಬೇವಿನ ಎಲೆಗೆ ಬೆಂಕಿ ಹಚ್ಚುವ ಪದ್ಧತಿ ಇನ್ನೂ ಅನೇಕ ಕಡೆ ಇದೆ. ಪ್ರಾರ್ಥನೆಗೆ ನಿಂತ ಮಕ್ಕಳು ಆ ಹೊಗೆಯನ್ನೇ ಉಸಿರಾಡುತ್ತಾರೆ. ಬೇರೇನೂ ಆಗದಿದ್ದರೂ ಇದೊಂದನ್ನು ನಾಳೆಯಿಂದಲೇ ನಿಲ್ಲಿಸಿ. ಮೂರಡಿ ಅಗಲ, ಎರಡಡಿ ಆಳದ ಎರಡು ಗುಂಡಿ ಸಾಕು. ಒಂದು ಪಾಲು ತರಕಾರಿ ಸಿಪ್ಪೆಗೆ ಎರಡು ಮೂರು ಪಾಲು ಒಣ ಎಲೆ, ಮೇಲೊಂದಿಷ್ಟು ಮಣ್ಣು ಅಥವಾ ಸಗಣಿ ನೀರು. ವಾರಕ್ಕೊಮ್ಮೆ ಮಗುಚಿದರೆ ಎರಡು ಮೂರು ತಿಂಗಳಲ್ಲಿ ಕಪ್ಪು ಗೊಬ್ಬರ ಸಿಗುತ್ತದೆ. ಒಂದು ಗುಂಡಿ ಮಾಗುವಾಗ ಇನ್ನೊಂದು ತುಂಬುತ್ತಿರಲಿ.

ಬೇಯಿಸಿದ ಅನ್ನವನ್ನು ಗುಂಡಿಗೆ ಹಾಕಿದರೆ ನಾಯಿ, ಇಲಿಗಳ ಕಾಟ ಶುರುವಾಗುತ್ತದೆ. ಅನ್ನ ಉಳಿಯದಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ. ಮೊದಲ ಸಲ ಸ್ವಲ್ಪವೇ ಬಡಿಸಿ. ಎರಡನೆಯ ಸಲ ಕೇಳಿದಷ್ಟೂ ಬಡಿಸಿ. ಕಡಿಮೆ ಮಾಡುವುದೆಂದರೆ ಮಗುವಿನ ಹೊಟ್ಟೆಗೆ ಕಡಿಮೆ ಮಾಡುವುದಲ್ಲ, ಇದನ್ನು ಬಡಿಸುವವರೆಲ್ಲ ನೆನಪಿಡಬೇಕು.

ಚಾವಣಿಯ ಮಳೆ

ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿ.ಮೀ. ಮಳೆ ಎಂದರೆ 60,000 ಲೀಟರ್. ಐದನೆಯ ಒಂದು ಭಾಗ ನಷ್ಟವಾದರೂ 48,000 ಲೀಟರ್ ಕೈಗೆ ಸಿಗುತ್ತದೆ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಕೋಲಾರ, ಪಾವಗಡದಂಥ ಕಡೆ ಇದು ಸಣ್ಣ ಮಾತಲ್ಲ. ಪೈಪು, ತೊಟ್ಟಿಗೆ ಹಣ ಬೇಕಾಗುವುದರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಗ್ರಾಮ ಪಂಚಾಯಿತಿಗೆ ಮನವಿ ಕೊಡಿ. ಮೊದಲ ಮಳೆಯ ಕೊಳಕು ನೀರು ಹೊರಹೋಗುವ ವ್ಯವಸ್ಥೆ ಇರಲಿ. ಪರೀಕ್ಷೆ ಮಾಡಿಸದೆ ಕುಡಿಯಲು ಕೊಡಬೇಡಿ.

ಯಾರ ಪಾಳಿ?

ಜಾಲರಿ ತೊಳೆಯುವುದು, ಗೊಬ್ಬರ ಮಗುಚುವುದು, ಗಿಡಕ್ಕೆ ನೀರುಣಿಸುವುದು ಇವಕ್ಕೆಲ್ಲ ವಾರದ ಪಾಳಿ ಇರಲಿ. ಗುಡಿಸುವುದು ಹುಡುಗಿಯರಿಗೆ, ಅಗೆಯುವುದು ಹುಡುಗರಿಗೆ ಎಂಬ ಹಂಚಿಕೆ ಬೇಡ. ಜಾತಿ ನೋಡಿ ಕೆಲಸ ಹಂಚುವುದಂತೂ ಅಪರಾಧ. ಶೌಚಾಲಯ ತೊಳೆಯುವ ಕೆಲಸವನ್ನು ಪರಿಸರ ಪಾಠದ ಹೆಸರಿನಲ್ಲಿ ಮಕ್ಕಳ ತಲೆಗೆ ಕಟ್ಟಬಾರದು. ಅಡುಗೆಯವರ ಹೊರೆಯನ್ನೂ ಹೆಚ್ಚಿಸಬೇಡಿ. ಯಾವ ಸೊಪ್ಪು ಬೆಳೆದರೆ ಸಾಂಬಾರಿಗೆ ಒದಗುತ್ತದೆ ಎಂದು ಅವರನ್ನೇ ಕೇಳಿ, ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ.

ರಜೆಯಲ್ಲಿ ಏನು?

ಬಹುತೇಕ ಶಾಲಾ ತೋಟಗಳು ಸಾಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಬೇಸಿಗೆಗೆ ಸೊಪ್ಪು ತರಕಾರಿ ಬಿತ್ತಲೇಬೇಡಿ. ಗಿಡಗಳ ಬುಡಕ್ಕೆ ಒಣ ಎಲೆಯನ್ನು ದಪ್ಪಗೆ ಹೊದಿಸಿ, ಶಾಲೆಯ ಹತ್ತಿರವಿರುವ ಮನೆಗಳಿಗೆ ನೀರು ಹಾಕುವ ಸರದಿ ಹಂಚಿ. ನುಗ್ಗೆ, ಪಪ್ಪಾಯಿ ಕಾಯಿ ಅವರೇ ತೆಗೆದುಕೊಳ್ಳಲಿ. ಮುಖ್ಯ ಶಿಕ್ಷಕರ ವರ್ಗಾವಣೆಯಾದರೆ ಅಳತೆಯ ಪುಸ್ತಕ, ಪಾಳಿಯ ಪಟ್ಟಿ ಕೂಡ ಚಾರ್ಜ್ ಪಟ್ಟಿಯಲ್ಲಿ ಸೇರಿ ಮುಂದಿನವರಿಗೆ ಹಸ್ತಾಂತರವಾಗಲಿ. ರಜೆಯ ಸರದಿಯನ್ನು ಮಾರ್ಚ್ ಮೊದಲ ವಾರದ ಎಸ್‌ಡಿಎಂಸಿ ಸಭೆಯಲ್ಲೇ ಗೊತ್ತುಮಾಡಿಕೊಳ್ಳಿ. ಪರೀಕ್ಷೆ ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.